ಮೊದಲು ಎಣ್ಣೆ, ಆಮೇಲೆ ಕಾಫಿ

ಹುಮೈದ್ ಸತ್ತು ಏಳು ತಿಂಗಳಾಯಿತು. ಅವನ ಕಂದು ಅಂಗಿ ಗ್ಯಾರೇಜಿನ ಮೊಳೆಯಲ್ಲಿ ಇನ್ನೂ ನೇತಾಡುತ್ತಿದೆ. ಎದೆಯ ಹತ್ತಿರ ಅಂಗೈ ಅಗಲದ ಎಣ್ಣೆಯ ಕಲೆ. ವರ್ಷಗಟ್ಟಲೆ ಹೆಂಡತಿ ಜುವೈನಾ ಆ ಕಲೆಯನ್ನು ಉಜ್ಜಿದಳು. ಹೋಗಲಿಲ್ಲ. ಈಗ ಹೋಗುವುದು ಬೇಡ ಎಂದು ಅವಳೇ ತೊಳೆಯದೆ ಬಿಟ್ಟಿದ್ದಾಳೆ.

ಬಿದಿಯಾ ಊರು ಮುಗಿದು ಮರಳು ಶುರುವಾಗುವ ಕಡೆ ಅವರ ಮನೆ. ಮನೆಗೆ ಅಂಟಿಕೊಂಡು ತಗಡಿನ ಚಪ್ಪರ, ಚಪ್ಪರದ ಕೆಳಗೆ ಗುಂಡಿ, ಗುಂಡಿಯ ಮೇಲೆ ಯಾವಾಗಲೂ ಒಂದು ಗಾಡಿ. ಗೇಟಿನ ಮೇಲೆ ಬೋರ್ಡು. ಬೋರ್ಡಿನ ಮೇಲೆ ಏನು ಬರೆದಿದೆ ಎಂದು ಹುಮೈದ್‌ಗೂ ಸರಿಯಾಗಿ ಗೊತ್ತಿರಲಿಲ್ಲ. ಬರೆದ ಪೇಂಟರು 'ಗೇರ್‌ಬಾಕ್ಸ್ ರಿಪೇರಿ, ಹುಮೈದ್' ಎಂದು ಓದಿ ಹೇಳಿದ್ದ. ಇವನು ನಂಬಿದ.

ಹುಮೈದ್ ಹುಟ್ಟಿದ್ದು ಮರಳಿನೊಳಗೆ, ಒಂಟೆಗಳ ನಡುವೆ. ಹತ್ತೊಂಬತ್ತರಲ್ಲಿ ಸೈನ್ಯದ ವರ್ಕ್‌ಶಾಪಿಗೆ ಸೇರಿ ಅಲ್ಲಿ ಎಂಟು ವರ್ಷ ಗಾಡಿಗಳ ಹೊಟ್ಟೆ ಬಿಚ್ಚಿದ. ವಾಪಸು ಬಂದು ಜುವೈನಾಳನ್ನು ಮದುವೆಯಾದ, ಗುಂಡಿ ತೋಡಿದ. ಒಂದು ಕಿವಿ ಮಂದ. ಅದಕ್ಕೆ ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಎಂಜಿನ್ ಹೇಗಿದೆ ಎಂದು ಹೇಳುತ್ತಿದ್ದ. ನಟ್ಟು ಬೋಲ್ಟುಗಳನ್ನು ಹಲ್ವಾ ತಿಂದು ಖಾಲಿಯಾದ ಬಟ್ಟಲುಗಳಲ್ಲಿ ಹಾಕಿಡುತ್ತಿದ್ದ. ಒಮ್ಮೆ ನೆಂಟರ ಹೆಂಗಸು ಮುಚ್ಚಳ ತೆರೆದು ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಅದು ಗ್ರೀಸು. ಅವಳು ಆಮೇಲೆ ಆ ಮನೆಯಲ್ಲಿ ಏನು ಕೊಟ್ಟರೂ ಮೊದಲು ಮೂಸಿ ನೋಡುತ್ತಿದ್ದಳು.

ಕೆಲಸಗಾರ ಒಳ್ಳೆಯವನು. ಮಾತು ಕಡಿಮೆ. ಕೈ ಮಾತ್ರ ಧಾರಾಳ. ಬಟ್ಟಲಿಗೆ ಕಾಫಿ ಹುಯ್ದರೂ, ಟ್ಯಾಂಕಿಗೆ ಎಣ್ಣೆ ಹುಯ್ದರೂ ಒಂದು ಬೆರಳು ಹೆಚ್ಚೇ. ಮನೆಗೆ ಬಂದವರ ಗಾಡಿ ಅರೆಹೊಟ್ಟೆಯಲ್ಲಿ ಹೋಗಬಾರದು ಎನ್ನುತ್ತಿದ್ದ.

ಬಂದವರನ್ನು ಕೂರಿಸುವುದರಲ್ಲಿ ಅವನದು ಅಪ್ಪನ ಕಟ್ಟಳೆ. ಮರಳಿನಿಂದ ಬಂದವನು ಗೇಟಿನ ಮುಂದೆ ಎಂಜಿನ್ ಆರಿಸಬೇಕು. ಆರಿಸದೆ ಇಳಿದರೆ, ನಿಮ್ಮ ಮನೆಯಲ್ಲಿ ಕೂರಲು ನನಗೆ ಮನಸ್ಸಿಲ್ಲ ಎಂದು ಹೇಳಿದ ಹಾಗೆ. ಇಳಿದವನಿಗೆ ಮೂಗಿಗೆ ಮೂಗು ತಾಗಿಸಿ ಸಲಾಮು. ಚಾಪೆ. ಖರ್ಜೂರ. ಕಾಫಿ. ಏನು ಸುದ್ದಿ ಎಂದು ಇವನು ಕೇಳಬೇಕು, ಸುದ್ದಿ ಇಲ್ಲ, ಎಲ್ಲ ಒಳ್ಳೆಯದೇ ಎಂದು ಅವನು ಹೇಳಬೇಕು. ಮನೆ ಬಿದ್ದುಹೋಗಿದ್ದರೂ ಮೊದಲು ಹೇಳುವುದು ಅದೇ. ಮೂರು ಬಟ್ಟಲು ಕುಡಿದು, ಸಾಕು ಎಂದು ಖಾಲಿ ಬಟ್ಟಲನ್ನು ಅಲ್ಲಾಡಿಸಿದ ಮೇಲೆಯೇ ನಿಜವಾದ ಸುದ್ದಿ. ಗಾಡಿಯ ಕಾಯಿಲೆಯೂ ಆಗಲೇ. ಅಷ್ಟು ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ.

ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಮುಹನ್ನಾನ ಗಾಡಿ ಬರುವ ತನಕ.

ಮುಹನ್ನಾ ಮರಳಿನೊಳಗೆ ಒಂದೂವರೆ ಗಂಟೆ ದೂರದಲ್ಲಿ ಒಂಟೆ ಕಟ್ಟಿಕೊಂಡು ಇದ್ದ ಮುದುಕ. ಅರವತ್ತು ದಾಟಿದ್ದ. ಹಲ್ಲು ನಾಲ್ಕು, ಬಾಯಿ ನಲವತ್ತು ಜನರದು. ಅವನ ಹೆಂಡತಿ ಗಾಲಿಯಾ, ಜುವೈನಾಳ ಗೆಳತಿ. ಅವರದೊಂದು ದೊಡ್ಡ ಬಿಳಿ ಫೋರ್‌ವೀಲ್ ಗಾಡಿ, ಆಟೋಮ್ಯಾಟಿಕ್ ಗೇರಿನದು. ಸತ್ತುಹೋದ ಓಟದ ಒಂಟೆಯ ಹೆಸರನ್ನೇ ಅದಕ್ಕಿಟ್ಟಿದ್ದ: ಸಮ್ಹಾ. ನೀರಿನ ಡ್ರಮ್ಮು, ಮೇವು, ಆಡು, ಹೆಂಡತಿ ಎಲ್ಲವನ್ನೂ ಸಮ್ಹಾ ಹೊರುತ್ತಿದ್ದಳು. ಮುಹನ್ನಾ ಓಡಿಸುವುದು ಹೇಗೆ ಅಂದರೆ, ದಿಬ್ಬ ಕಂಡರೆ ಸುತ್ತಿ ಹೋಗುವ ಅಭ್ಯಾಸ ಅವನಿಗಿಲ್ಲ. ಪೆಡಲನ್ನು ನೆಲಕ್ಕೆ ತುಳಿದು ಮೇಲೆಯೇ ಹತ್ತಿಸುತ್ತಿದ್ದ.

ಸುಮಾರು ಹನ್ನೆರಡು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ಸಮ್ಹಾ ಬಂದದ್ದು ಕಾಯಿಲೆಗಲ್ಲ. ಗೇರಿನ ಎಣ್ಣೆ ಹಳತಾಗಿ ಕಪ್ಪಾಗಿತ್ತು, ಬದಲಾಯಿಸಬೇಕಿತ್ತು, ಅಷ್ಟೆ. ಕಾಫಿ ಆಯಿತು. ಹುಮೈದ್ ಹಳೇ ಎಣ್ಣೆ ಇಳಿಸಿ ಹೊಸ ಕೆಂಪು ಎಣ್ಣೆ ತುಂಬಿ, ಎಂಜಿನ್ ಹಚ್ಚಿ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಆ ಕಡ್ಡಿಯಲ್ಲಿ ಎರಡು ಗೀರು. ಕೆಳಗಿನದು ತಣ್ಣಗಿದ್ದಾಗಿನದು, ಮೇಲಿನದು ಬಿಸಿಯಾದಾಗಿನದು. ಅದು ಅವನಿಗೆ ಗೊತ್ತಿತ್ತು, ಸೈನ್ಯದಲ್ಲಿ ಕಲಿಸಿದ್ದರು. ಆದರೆ ಕೆಳಗಿನ ಗೀರನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ನೆರಳಿನಲ್ಲಿಟ್ಟ ಸ್ಪಾನರನ್ನು ಬಟ್ಟೆ ಸುತ್ತದೆ ಮುಟ್ಟಲಾಗದ ಊರಿನಲ್ಲಿ ತಣ್ಣಗಿರುವುದು ಯಾವುದಿದೆ ಎನ್ನುತ್ತಿದ್ದ. ಮೇಲಿನ ಗೀರಿನವರೆಗೆ ಹುಯ್ದ. ಮೇಲೆ ತನ್ನ ಕೈಯ ಒಂದು ಬೆರಳು.

ಹತ್ತು ದಿನಕ್ಕೆ ಮುಹನ್ನಾ ವಾಪಸು ಬಂದ. ಕಾಫಿ ಕುಡಿದು ಬಟ್ಟಲು ಅಲ್ಲಾಡಿಸಿ ದೂರು ಹೇಳಿದ. ದಿಬ್ಬದ ನಡುವೆ ಎಂಜಿನ್ ಅರಚುತ್ತದೆ, ಗಾಡಿ ಹೋಗುವುದಿಲ್ಲ. ಸಮ್ಹಾ ಮಂಡಿಯೂರಿದ ಒಂಟೆಯ ಹಾಗೆ ಕೂತುಬಿಡುತ್ತಾಳೆ. ಹುಮೈದ್ ಹತ್ತಿಸಿ ನೋಡಿದರೆ ಗೇರು ಬೆಣ್ಣೆ. ಅಡಿಯಲ್ಲಿ ಎಣ್ಣೆಯ ಪಸೆ ಇತ್ತು. ಎಲ್ಲೋ ಸೋರಿದೆ ಎಂದು ಸೀಲು ಬದಲಾಯಿಸಿದ. ಕಡ್ಡಿ ನೋಡಿದ. ಮೇಲಿನ ಗೀರಿಗಿಂತ ಸ್ವಲ್ಪ ಕೆಳಗಿತ್ತು. ತುಂಬಿಸಿದ.

ಇನ್ನೊಂದು ವಾರಕ್ಕೆ ಮತ್ತೆ ಬಂದ. ಈ ಸಲ ಹುಮೈದ್ ಗೇರ್‌ಬಾಕ್ಸನ್ನೇ ಕೆಳಗಿಳಿಸಿದ. ಮೂರು ದಿನ ಚಪ್ಪರದಡಿ ಪೂರ್ತಿ ಹರಡಿಕೊಂಡು ಒಂದೊಂದನ್ನೇ ಒರೆಸಿದ. ಪ್ಲೇಟು ಸ್ವಲ್ಪ ಸುಟ್ಟಿತ್ತು, ಬದಲಾಯಿಸಿದ. ಮತ್ತೇನೂ ಸಿಗಲಿಲ್ಲ. ಮತ್ತೆ ಜೋಡಿಸಿದ, ಕಾಫಿ ಕುಡಿದರು, ಎಣ್ಣೆ ತುಂಬಿದ. ಮೇಲಿನ ಗೀರು, ಮೇಲೆ ಒಂದು ಬೆರಳು.

ಮೂರನೇ ಸಲ ಸಮ್ಹಾಳನ್ನು ಇನ್ನೊಂದು ಗಾಡಿ ಎಳೆದು ತಂದಿತು. ಹಗ್ಗ ಬಿಚ್ಚಿ ಹಚ್ಚಿದರೆ ತಾನೇ ಒಳಗೆ ಬಂದಳು. ಸುತ್ತ ನಿಂತವರು ನಕ್ಕರು. ಹುಮೈದ್ ನಗಲಿಲ್ಲ.

ಆ ರಾತ್ರಿ ಅವನು ಊಟ ಮಾಡಲಿಲ್ಲ. ಒಣ ಮೀನಿನ ಅನ್ನ ಅವನಿಗೆ ಪ್ರಾಣ, ಆದರೂ ತಟ್ಟೆಯನ್ನು ಹಾಗೇ ಅವಳ ಕಡೆ ಸರಿಸಿದ. ಜುವೈನಾ ಎರಡೂ ಪಾಲು ತಿಂದಳು. ಚೆಲ್ಲುವ ಅಭ್ಯಾಸ ಅವಳಿಗಿರಲಿಲ್ಲ.

ಮಾರನೇ ದಿನ ಊರಿನ ಸಬ್ಲಾದಲ್ಲಿ, ಅಂದರೆ ಗಂಡಸರು ಕೂತು ಮಾತಾಡುವ ಮನೆಯಲ್ಲಿ, ಯಾರೋ ಒಬ್ಬ ಹುಮೈದ್‌ನ ಸ್ಪಾನರಿಗಿಂತ ಅವನ ಹೆಂಡತಿಯ ಕಾಫಿಯೇ ವಾಸಿ ಎಂದ. ಸೊಹಾರ್ ಪಟ್ಟಣದಲ್ಲಿದ್ದ ಹುಮೈದ್‌ನ ಚಿಕ್ಕಪ್ಪನ ಮಗ ರಾಶಿದ್ ಆ ದಿನ ಬಂದಿದ್ದ. ಅವನು ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಕಾವಲುಗಾರರ ಮೇಸ್ತ್ರಿ. ಒಂದು ಕುರ್ಚಿ ಖಾಲಿಯಿದೆ, ತಣ್ಣನೆ ಕೋಣೆ, ಬಾ ಎಂದು ಎರಡು ವರ್ಷದಿಂದ ಕರೆಯುತ್ತಿದ್ದ. ಅವತ್ತೂ ಎಲ್ಲರೆದುರು ಕರೆದ. ಹುಮೈದ್‌ಗೆ ಉರಿಯಿತು. ಬಾಯಿಂದ ಮಾತು ಬಂದುಬಿಟ್ಟಿತು. ಬರುವ ಶುಕ್ರವಾರ ಸಮ್ಹಾ ಸಫ್ರಾ ದಿಬ್ಬವನ್ನು ಒಂದೇ ಏಟಿಗೆ ಹತ್ತುತ್ತಾಳೆ. ಹತ್ತದಿದ್ದರೆ ತನ್ನ ಬೋರ್ಡನ್ನು ತಾನೇ ಕಿತ್ತು ರಾಶಿದ್‌ನ ಹಿಂದೆ ಸೊಹಾರ್‌ಗೆ ಹೋಗುತ್ತೇನೆ.

ಸಬ್ಲಾದಲ್ಲಿ ಹತ್ತು ಜನರ ಮುಂದೆ ಆಡಿದ ಮಾತು. ಅದನ್ನು ವಾಪಸು ತೆಗೆದುಕೊಂಡವನು ಆ ಊರಿನಲ್ಲಿ ಆಮೇಲೆ ಯಾರ ಮುಖ ನೋಡುತ್ತಾನೆ.

ಮನೆಗೆ ಬಂದು ಜುವೈನಾಳಿಗೆ ಹೇಳಿದ. ಅವಳು ಆಡುಗಳಿಗೆ ಖರ್ಜೂರದ ಬೀಜ ಹಾಕುತ್ತಿದ್ದಳು.

"ನನ್ನನ್ನ ಕೇಳಿದ್ರಾ?" ಅಂದಳು.

"ಬಾಯಿಂದ ಬಂದ್ಬಿಡ್ತು, ಹಮದ್‌ನ ಮಗಳೇ."

"ನಿಮ್ಮ ಬಾಯಿಂದ ವರ್ಷಕ್ಕೆ ನಾಲ್ಕು ಮಾತು ಬರುತ್ತೆ. ಅದರಲ್ಲೊಂದು ಇದಾ?"

ಅವನು ತಲೆ ಕೆರೆದುಕೊಂಡ. ಅವಳಿಗೆ ಸೊಹಾರ್ ಗೊತ್ತಿತ್ತು. ಮಗಳು ರಯ್ಯಾಳ ಹೆರಿಗೆಗೆ ಒಮ್ಮೆ ಹೋಗಿದ್ದಳು. ಮಹಡಿ ಮನೆ, ಕಿಟಕಿ ತೆರೆದರೆ ಎದುರು ಮನೆಯ ಕಿಟಕಿ. ಆಡುಗಳನ್ನು ಎಲ್ಲಿ ಕಟ್ಟುವುದು. ಹುಮೈದ್ ಒಗೆದ ಯೂನಿಫಾರ್ಮ್ ಹಾಕಿಕೊಂಡು ಕುರ್ಚಿಯ ಮೇಲೆ ಕೈ ಕಟ್ಟಿ ಕೂತಿರುವುದನ್ನು ಅವಳು ಕಣ್ಣ ಮುಂದೆ ತಂದುಕೊಂಡಳು. ಆರು ತಿಂಗಳಲ್ಲಿ ಸಾಯುತ್ತಾನೆ ಅನ್ನಿಸಿತು. ಬೀಜದ ಬಕೆಟ್ಟು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಬುಧವಾರ ಗಾಲಿಯಾ ಬಂದಳು. ಮುಹನ್ನಾ ಮೇವಿಗೆ ಅಂಗಡಿಗೆ ಹೋದಾಗ ಅವಳನ್ನು ಇಲ್ಲಿ ಇಳಿಸಿ ಹೋಗುವುದು ವಾಡಿಕೆ. ಇಬ್ಬರೂ ಅಡಿಗೆಮನೆಯಲ್ಲಿ ಕೂತರು. ಒಲೆಯ ಮೇಲೆ ಒಂಟೆಹಾಲು ಇತ್ತು. ಗಾಲಿಯಾ ತನ್ನ ಗಂಡನನ್ನೂ ಸಮ್ಹಾಳನ್ನೂ ಒಂದೇ ಉಸಿರಿನಲ್ಲಿ ಬೈದಳು. ಬೆಳಗ್ಗೆ ಹೊರಟಾಗ ಆ ಗಾಡಿಯಷ್ಟು ಸಭ್ಯ ಯಾರೂ ಇಲ್ಲವಂತೆ. ಮೂರನೇ ದಿಬ್ಬ ದಾಟಿದ ಮೇಲೆ ಹುಚ್ಚು ಶುರು. ಆಗ ಅವರು ನಿಲ್ಲಿಸುತ್ತಾರೆ, ಅವಳು ಒಲೆ ಹಚ್ಚಿ ಚಹಾ ಮಾಡುತ್ತಾಳೆ. ಚಹಾ ಮುಗಿಯುವ ಹೊತ್ತಿಗೆ ಗಾಡಿ ಮತ್ತೆ ಸಭ್ಯ.

"ನಿಮ್ಮ ಮನೆ ಗೇಟಿಗೆ ಬರೋ ಹೊತ್ತಿಗೂ ಹುಚ್ಚಿರುತ್ತೆ ಕಣೇ," ಅಂದಳು ಗಾಲಿಯಾ. "ನಿಮ್ಮ ಕಾಫಿ ಕುಡಿದು ಎದ್ದರೆ ಮದುವಣಗಿತ್ತಿ ಹಂಗೆ ತಲೆ ತಗ್ಗಿಸಿ ನಿಂತಿರುತ್ತೆ."

ಜುವೈನಾ ಬಾಯಿ ತೆರೆಯುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಬಿತ್ತು. ಇಬ್ಬರೂ ಎದ್ದು ಒರೆಸಿದರು. ಪಾತ್ರೆ ಕೆಳಗಿಳಿಸಿದ ಮೇಲೆ ಹಾಲು ಅರ್ಧಕ್ಕೆ ಇಳಿಯಿತು. ಜುವೈನಾ ಬಟ್ಟೆ ಹಿಡಿದುಕೊಂಡು ಆ ಪಾತ್ರೆಯನ್ನೇ ನೋಡುತ್ತ ನಿಂತಳು. ಗಾಲಿಯಾ ಏನಾಯಿತೇ ಎಂದು ಎರಡು ಸಲ ಕೇಳಿದಳು.

ಸಂಜೆ ಗಂಡನಿಗೆ ಒಂದೇ ಮಾತು ಕೇಳಿದಳು. ಸಮ್ಹಾ ಕುದಿಯುತ್ತಿರುವಾಗ ಯಾವತ್ತಾದರೂ ಕಡ್ಡಿ ಎಳೆದು ನೋಡಿದ್ದೀರಾ. ಅವನು ಇಲ್ಲಿ ಯಾವುದು ಕುದಿಯುತ್ತಿಲ್ಲ ಎಂದ. ಅವಳು ಎಣ್ಣೆಯ ವಿಷಯ ಎಂದಳು. ಬಂದವರನ್ನು ಗೇಟಿನಲ್ಲಿ ನಿಲ್ಲಿಸಿ ಬಾನೆಟ್ಟು ತೆಗೆಯೋಕೆ ನಾನೇನು ಚೆಕ್‌ಪೋಸ್ಟಿನವನಾ ಎಂದು ಅವನು ಗುಂಡಿಗೆ ಇಳಿದ. ಅಪ್ಪನ ಕಟ್ಟಳೆಯ ವಿಷಯ ಬಂದರೆ ಅವನ ಮಂದ ಕಿವಿ ಇನ್ನೂ ಮಂದವಾಗುತ್ತಿತ್ತು. ಅವಳು ಮತ್ತೆ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯಿತು. ಇಳಿಹಗಲಿನ ಅಸರ್ ನಮಾಜಿನ ಹೊತ್ತಿಗೆ ಸಫ್ರಾ ದಿಬ್ಬದ ಬುಡದಲ್ಲಿ ಗಾಡಿಗಳು ಸೇರತೊಡಗಿದ್ದವು. ಪ್ರತಿ ಶುಕ್ರವಾರವೂ ಸೇರುತ್ತವೆ. ಆ ದಿಬ್ಬ ಅರ್ಧ ಗಾಡಿಗಳನ್ನು ನಡುವಿನಿಂದಲೇ ಹಿಂದಕ್ಕೆ ಕಳಿಸುತ್ತದೆ, ನೋಡುವವರಿಗೆ ಅದೇ ಮಜಾ. ಆ ದಿನ ಜನ ಹೆಚ್ಚು. ರಾಶಿದ್ ಬೇರೆ ಉಳಿದುಕೊಂಡಿದ್ದ. ಬೋರ್ಡು ಕೀಳಲು ಏಣಿ ಬೇಕಾಗುತ್ತಾ ಎಂದು ಯಾರೋ ಫೋನು ಮಾಡಿಯೂ ಕೇಳಿದ್ದರು.

ಮುಹನ್ನಾ ಮೊದಲು ಮನೆಗೆ ಬಂದು ಹುಮೈದ್‌ನನ್ನು ಹತ್ತಿಸಿಕೊಂಡು ಹೋಗುವುದೆಂದು ಮಾತಾಗಿತ್ತು. ದೂರದಿಂದಲೇ ಸಮ್ಹಾಳ ಅರಚಾಟ ಕೇಳಿಸಿತು. ಸುಟ್ಟ ಎಣ್ಣೆಯ ವಾಸನೆ ಗಾಡಿಗಿಂತ ಮೊದಲು ಬಂತು. ಹುಮೈದ್ ಚಾಪೆ ಕೊಡವಿದ. ಖರ್ಜೂರದ ತಟ್ಟೆ ಇಟ್ಟ. ಹೆಂಡತಿಯ ಕಡೆ ಕಾಫಿಗೆ ಸನ್ನೆ ಮಾಡಿದ.

ಜುವೈನಾ ಕಾಫಿಯ ಕೆಟಲು ಹಿಡಿದು ಬಂದಳು. ಚಾಪೆಯ ಹತ್ತಿರ ಹೋಗಲಿಲ್ಲ. ನೇರ ಗೇಟಿಗೆ ನಡೆದು, ಮುಹನ್ನಾ ಕೀಲಿಗೆ ಕೈ ಹಾಕುವ ಮೊದಲೇ ಕಿಟಕಿಯ ಹತ್ತಿರ ನಿಂತಳು.

"ಆರಿಸಬೇಡಿ," ಅಂದಳು.

ಮುಹನ್ನಾ ಅವಳ ಮುಖ ನೋಡಿದ, ಕೆಟಲು ನೋಡಿದ. ಅವಳು ಕೆಟಲನ್ನು ತಲೆಕೆಳಗು ಮಾಡಿ ತೋರಿಸಿದಳು. ಒಳಗೆ ಏನೂ ಇರಲಿಲ್ಲ.

ಚಾಪೆಯ ಮೇಲೆ ಹುಮೈದ್ ಕಲ್ಲಾದ. ಬಂದವರ ಮುಂದೆ ಖಾಲಿ ಕೆಟಲು ತಿರುಗಿಸಿ ತೋರಿಸುವುದು ಅವನ ಮನೆತನದಲ್ಲಿ ಯಾರೂ ಮಾಡದ ಕೆಲಸ. ಗಾಲಿಯಾ ಗಾಡಿಯೊಳಗೆ ಮುಸುಕು ಬಾಯಿಗೆ ತುರುಕಿಕೊಂಡಳು, ನಗುವಿಗೋ ಹೆದರಿಕೆಗೋ ಗೊತ್ತಿಲ್ಲ.

"ರಯ್ಯಾನ ಅಮ್ಮಾ," ಅಂದ ಮುಹನ್ನಾ ಮೆಲ್ಲಗೆ, "ನಾನು ನಿನ್ನ ಆಡು ಕದ್ದಿದ್ದೀನಾ?"

"ಇಲ್ಲ, ದೊಡ್ಡಪ್ಪ. ನೀವು ಇಳೀರಿ, ಎಂಜಿನ್ ಓಡ್ತಿರಲಿ. ಅವರು ಕಡ್ಡಿ ನೋಡೋವರೆಗೂ ಈ ಮನೇಲಿ ಕಾಫಿ ಇಲ್ಲ. ಒಲೆ ಆರಿಸಿದ್ದೀನಿ."

ಹುಮೈದ್ ಎದ್ದು ಬಂದ. ಕಿವಿ ಕೆಂಪಗಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಅವನು ಅವಳ ಮೇಲೆ ದನಿ ಎತ್ತಿದ್ದು ಎರಡು ಸಲ. ಇದು ಮೂರನೆಯದಾಗುತ್ತದೆ ಅಂದುಕೊಂಡು ಅವಳು ಕೆಟಲನ್ನು ಎದೆಗೆ ಹಿಡಿದುಕೊಂಡಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಅಡಿಯಿಂದ ಒಂದು ಹನಿ ಎಣ್ಣೆ ಬಿಸಿ ಪೈಪಿನ ಮೇಲೆ ಬಿದ್ದು ಚುಯ್ ಎಂದಿತು. ಗೇರ್‌ಬಾಕ್ಸಿನ ಒಳಗಿನ ಗಾಳಿ ಹೊರಬಿಡುವ ಉಸಿರು ಕೊಳವೆಯಿಂದ ಬಿದ್ದ ಹನಿ. ಅದರ ಹಿಂದೆಯೇ ಇನ್ನೊಂದು ಬಿತ್ತು. ಅವನು ಬಗ್ಗಿ ನೋಡಿದ. ಸೋರುವುದಾದರೆ ಸೀಲಿನಿಂದ ಸೋರಬೇಕು. ಉಸಿರು ಕೊಳವೆಯಿಂದ ಎಣ್ಣೆ ಯಾಕೆ ಬರುತ್ತದೆ.

ಬೈಗುಳ ಬಾಯಲ್ಲೇ ಉಳಿಯಿತು. ಬಾನೆಟ್ಟು ಎತ್ತಿದ. ಕಡ್ಡಿಗೆ ಕೈ ಹಾಕಿ, ಸುಟ್ಟು, ಹಿಂದಕ್ಕೆಳೆದ. ಜುವೈನಾ ಒರೆಸುವ ಬಟ್ಟೆ ಕೊಟ್ಟಳು. ಎಳೆದು ಒರೆಸಿ ಮತ್ತೆ ತೂರಿಸಿ ಎಳೆದ.

ಎಣ್ಣೆ ಮೇಲಿನ ಗೀರನ್ನು ದಾಟಿ ನಾಲ್ಕು ಬೆರಳು ಮೇಲಿತ್ತು. ಎಣ್ಣೆಯೂ ಅಲ್ಲ ಅದು. ಆಗಷ್ಟೇ ಕರೆದ ಒಂಟೆಹಾಲಿನ ಮೇಲಿನ ನೊರೆಯ ಹಾಗಿತ್ತು, ಬಣ್ಣ ಮಾತ್ರ ಕೆಂಪು.

ಎಂಜಿನ್ ಓಡುತ್ತಲೇ ಇತ್ತು. ಹುಮೈದ್ ಕಡ್ಡಿಯ ಕೆಳಗಿನ ಗೀರನ್ನು ಹೆಬ್ಬೆರಳಿನಿಂದ ಒರೆಸಿದ. ಮೇಲಿನ ಗೀರನ್ನು ಒರೆಸಿದ. ನೊರೆ ನೋಡಿದ. ಹೆಂಡತಿಯ ಕೈಯಲ್ಲಿದ್ದ ಕೆಟಲು ನೋಡಿದ. ಆಮೇಲೆ ಕೂತುಬಿಟ್ಟ, ಅಲ್ಲೇ ಮರಳಿನ ಮೇಲೆ, ಮುಂದಿನ ಚಕ್ರಕ್ಕೆ ಒರಗಿ. ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾನೆ ಎಂದು ಮುಹನ್ನಾ ಗಾಬರಿಯಾದ. ಅವನು ನಗುತ್ತಿದ್ದ.

"ಉಕ್ಕಿಸಿದ್ದೀನಿ ಕಣಪ್ಪಾ," ಅಂದ. "ತಣ್ಣಗಿದ್ದಾಗ ತುಂಬಿಸಿ ಕುದಿಯೋಕೆ ಬಿಟ್ಟಿದ್ದೀನಿ. ಒಂದು ಸಲ ಅಲ್ಲ, ಮೂರು ಸಲ."

ಎಣ್ಣೆ ಬಿಸಿಗೆ ಹಿಗ್ಗಿ, ಒಳಗೆ ತಿರುಗುವ ಚಕ್ರಗಳಿಗೆ ತಗುಲಿ, ಕಡೆದ ಹಾಗೆ ನೊರೆಯಾಗುತ್ತಿತ್ತು. ನೊರೆಗೆ ಹಿಡಿತ ಇಲ್ಲ. ಎಂಜಿನ್ ಎಷ್ಟು ಅರಚಿದರೂ ಚಕ್ರಕ್ಕೆ ಬಲ ಮುಟ್ಟುವುದಿಲ್ಲ. ಹೆಚ್ಚಾದದ್ದು ಕೊಳವೆಯಿಂದ ಕಕ್ಕುತ್ತಿತ್ತು. ಇಲ್ಲಿ ಬಂದು ಕಾಫಿ ಕುಡಿಯುವಷ್ಟರಲ್ಲಿ ನೊರೆ ಇಳಿದು, ಅಳತೆ ಕಡಿಮೆ ಕಂಡು, ಕಕ್ಕಿದ್ದನ್ನೆಲ್ಲ ಹುಮೈದ್ ಮತ್ತೆ ಕುಡಿಸುತ್ತಿದ್ದ. ಇದನ್ನು ಅವನು ಮುಹನ್ನಾನಿಗೆ ಬಿಡಿಸಿ ಹೇಳಿದ. ಮುಹನ್ನಾ ಪೂರ್ತಿ ಕೇಳಿ, ಹಾಗಾದರೆ ಕಾಯಿಲೆ ನನ್ನ ಸಮ್ಹಾಳದ್ದಲ್ಲ, ನಿನ್ನ ಮರ್ಯಾದೆಯದ್ದು ಎಂದ.

ಹೊತ್ತು ಇಳಿಯುತ್ತಿತ್ತು. ಸಂಜೆ ನಮಾಜಿನೊಳಗೆ ಹತ್ತದಿದ್ದರೆ ಆ ಶುಕ್ರವಾರ ಮುಗಿದ ಹಾಗೆ. ಹುಮೈದ್ ಎಂಜಿನ್ ಆರಿಸಿ ಗಾಡಿಯ ಕೆಳಗೆ ನುಗ್ಗಿದ. ಕುದಿಯುವ ಎಣ್ಣೆಯ ಬಿರಡೆ ಬಿಚ್ಚುವುದು ಯಾರೂ ಇಷ್ಟಪಟ್ಟು ಮಾಡುವ ಕೆಲಸವಲ್ಲ. ಜುವೈನಾ ಹಲ್ವಾದ ಬಟ್ಟಲುಗಳಿಂದ ನಟ್ಟುಗಳನ್ನು ನೆಲಕ್ಕೆ ಸುರಿದು ಬಟ್ಟಲು ಕೊಟ್ಟಳು. ಒಂದು ಬಟ್ಟಲು ತುಂಬಿತು, ಇನ್ನೊಂದು ತುಂಬಿತು. ಬಿರಡೆ ತಿರುಗಿಸುವಾಗ ಅವನ ಅಂಗೈ ಸುಟ್ಟಿತು. ಹಚ್ಚಿ ನೋಡಿದ, ಇನ್ನೂ ಮೇಲಿತ್ತು. ತಣ್ಣಗಾಗಲು ಬಿಡಬಾರದು ಎಂದು ಮುಹನ್ನಾನನ್ನು ಮನೆಯ ಹಿಂದಿನ ಸಣ್ಣ ದಿಬ್ಬ ಎರಡು ಸಲ ಹತ್ತಿಸಿ ಇಳಿಸಿ ತರಲು ಕಳಿಸಿದ. ಬಂದ ಮೇಲೆ ಮತ್ತೊಂದು ಬಟ್ಟಲು ಇಳಿಸಿದ. ನಾಲ್ಕನೇ ಸಲಕ್ಕೆ ಎಣ್ಣೆ ಮೇಲಿನ ಗೀರಿನ ಮೇಲೆ ಬಂದು ನಿಂತಿತು. ಅವನ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಯಿತು, ಒಂದು ಬೆರಳು ಹೆಚ್ಚಿಗೆ ಹಾಕಲು. ಜುವೈನಾ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

ದಿಬ್ಬದ ಹತ್ತಿರ ಹೆಂಗಸರು ಗಾಡಿಗಳ ಒಳಗೇ ಕೂತು ನೋಡುತ್ತಿದ್ದರು. ಜುವೈನಾ ಮತ್ತು ಗಾಲಿಯಾ ಹುಮೈದ್‌ನ ತಂಗಿಯ ಗಾಡಿಯ ಹಿಂದಿನ ಸೀಟಿನಲ್ಲಿದ್ದರು. ಹುಮೈದ್ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ದಿಬ್ಬದ ಬುಡದಲ್ಲಿ ಒಬ್ಬನೇ ನಿಂತ. ರಾಶಿದ್ ಗಾಡಿಗೆ ಒರಗಿ ಸೊಹಾರ್‌ನ ಬಗ್ಗೆ ಯಾರಿಗೋ ಹೇಳುತ್ತಿದ್ದ. ಮುಹನ್ನಾ ಮರಳಿನಲ್ಲಿ ಹಿಡಿತ ಸಿಗಲೆಂದು ಚಕ್ರಗಳ ಗಾಳಿ ಇಳಿಸಿದ. ಹಿಂದಕ್ಕೆ ಹೋದ, ದೂರ ಹೋದ. ತಿರುಗಿಸಿದ.

ಅವನ ಕಾಲು ಪೆಡಲಿನ ಮೇಲೆ ಬಿದ್ದದ್ದು ಎಲ್ಲರಿಗೂ ಕೇಳಿಸಿತು. ಸಮ್ಹಾ ಹಾರಿಕೊಂಡು ಬಂದಳು, ಬುಡ ದಾಟಿದಳು, ಅರ್ಧ ದಾಟಿದಳು. ಮುಕ್ಕಾಲರ ಹತ್ತಿರ ಎಂಜಿನ್ನಿನ ದನಿ ಏರಿತು. ಜುವೈನಾಳಿಗೆ ಆ ದನಿ ಗೊತ್ತು, ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಗೇಟಿನಲ್ಲಿ ಕೇಳಿದ್ದಳು. ಗಾಲಿಯಾ ಅವಳ ಮಂಡಿ ಹಿಡಿದಳು. ಹುಮೈದ್ ಗಾಳಿಯಲ್ಲಿ ಅಂಗೈ ಚಾಚಿದ, ಅಷ್ಟು ದೂರದಿಂದ ಬಾನೆಟ್ಟಿನ ಮೇಲೆ ಇಟ್ಟ ಹಾಗೆ. ಗೇರು ಒಂದು ಕೆಳಗೆ ಬಿತ್ತು, ಕಚ್ಚಿತು. ಮರಳು ಹಿಂದಕ್ಕೆ ಎರಡು ಆಳೆತ್ತರ ಎದ್ದಿತು. ಸಮ್ಹಾ ನೆತ್ತಿಯ ಮೇಲೆ ಮೂಗೆತ್ತಿ ನಿಂತು, ಆ ಕಡೆಗೆ ಬಿದ್ದು ಕಾಣೆಯಾದಳು.

ಆಮೇಲೆ ಆ ಕಡೆಯಿಂದ ಹಾರನ್ನು ಉದ್ದಕ್ಕೆ ಕೇಳಿಸಿತು.

ಗಂಡಸರು ಹುಮೈದ್‌ನ ಸುತ್ತ ಸೇರಿದರು. ರಾಶಿದ್ ಬಂದು ಮೂಗು ತಾಗಿಸಿ, ಆ ಕುರ್ಚಿ ಇನ್ನೊಬ್ಬನಿಗೆ ಕೊಡುತ್ತೇನೆ ಎಂದ. ಎಲ್ಲರೂ ಮುಹನ್ನಾ ಸುತ್ತಿ ಬರುವುದನ್ನು ಕಾದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮುದುಕ ಆ ಕಡೆ ಪಲ್ಟಿ ಹೊಡೆದನೋ ಎಂದು ಹುಡುಕಲು ಎರಡು ಗಾಡಿ ಹೋದವು. ಚಕ್ರದ ಗುರುತು ದಿಬ್ಬ ಇಳಿದು ನೇರ ಊರಿನ ಕಡೆ ಹೋಗಿತ್ತು.

ಮನೆಗೆ ಬಂದರೆ ಮುಹನ್ನಾ ಹುಮೈದ್‌ನ ಗೇಟಿನ ಮುಂದೆ ಎಂಜಿನ್ ಓಡಿಸಿಕೊಂಡು ಒಳಗೇ ಕೂತಿದ್ದ. ಕಿಟಕಿಯಿಂದ ಕೈ ಹೊರಗೆ ಬಿಟ್ಟಿದ್ದ. ಕೈಯಲ್ಲಿ ಖಾಲಿ ಬಟ್ಟಲು.

"ಬಿಸಿಬಿಸಿಯಾಗಿ ಬಂದಿದ್ದೀನಿ, ಕಡ್ಡಿ ನೋಡಿ," ಅಂದ. "ಒಲೆ ಹಚ್ತೀಯಾ ರಯ್ಯಾನ ಅಮ್ಮಾ, ಇಲ್ಲ ಈ ಮನೇಲಿ ಕಾಫಿ ಇಲ್ಲ ಅಂತ ಊರಿಗೆಲ್ಲಾ ಹೇಳಲಾ?"

ಅಂದಿನಿಂದ ಆ ಗೇಟಿನ ಕಟ್ಟಳೆ ಬದಲಾಯಿತು. ಹುಮೈದ್ ಒಂದು ಹಳೇ ಕಾಫಿ ಕೆಟಲನ್ನು ತಲೆಕೆಳಗಾಗಿ ಬೋರ್ಡಿನ ಕೆಳಗೆ ಕೈಗೆಟಕುವ ಕೊಕ್ಕೆಗೆ ಸಿಕ್ಕಿಸಿದ. ಅದು ತಲೆಕೆಳಗಿದ್ದರೆ ಎಂಜಿನ್ ಆರಿಸಬಾರದು. ಮೊದಲು ಕಡ್ಡಿ ನೋಡುತ್ತಾರೆ, ಆಮೇಲೆ ಕೆಟಲು ನೆಟ್ಟಗೆ ಮಾಡುತ್ತಾರೆ, ಆಗ ಆರಿಸಿ ಒಳಗೆ ಬರಬಹುದು. ಹೊರಗಿನವರಿಗೆ ಇದು ಹುಚ್ಚಾಟ ಅನ್ನಿಸುತ್ತಿತ್ತು. ಹುಮೈದ್ ಪ್ರತಿಯೊಬ್ಬರಿಗೂ ಅಪ್ಪನ ಕಟ್ಟಳೆ ಮುರಿದದ್ದಕ್ಕೆ ಕ್ಷಮೆ ಕೇಳಿ ಬಾನೆಟ್ಟು ಎತ್ತುತ್ತಿದ್ದ. ಗಾಡಿಗಳು ಹೆಚ್ಚಾದವು. ಗೇರು ಜಾರುತ್ತದೆ ಎಂದು ಬಂದವುಗಳಲ್ಲಿ ಎಷ್ಟೋ ಗಾಡಿಗಳನ್ನು ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಸಾಯಂಕಾಲ ಅವನು ಗುಂಡಿಯಲ್ಲಿದ್ದಾಗ ಜುವೈನಾಳೇ ಹೋಗಿ ಕಡ್ಡಿ ಎಳೆದು, ಇಷ್ಟು ಬೆರಳು ಮೇಲೆ, ಇಷ್ಟು ಕೆಳಗೆ ಎಂದು ಕೂಗಿ ಹೇಳುತ್ತಿದ್ದಳು. ಅವಳ ಕಣ್ಣು ಅವನ ಕಣ್ಣಿಗಿಂತ ನೆಟ್ಟಗಿತ್ತು. ಧಾರಾಳ ಕೈ ಬೇರೆ ಅವಳಿಗಿರಲಿಲ್ಲ.

ಅವನ ಅಂಗೈಯಲ್ಲಿ ಸುಟ್ಟ ಗುರುತು ಉಳಿಯಿತು. ಅದನ್ನು ಮದುವೆ ಮನೆಗಳಲ್ಲಿ ತೋರಿಸಿ, ನನ್ನ ಹೆಂಡತಿ ಕಾಫಿ ಕೊಡದೆ ಮಾಡಿದ ಗಾಯ ಎನ್ನುತ್ತಿದ್ದ. ಅದು ಅವನು ಜನರ ಮುಂದೆ ಹೇಳುತ್ತಿದ್ದ ಒಂದೇ ಕಥೆ. ಪ್ರತಿ ಸಲವೂ ಎಣ್ಣೆ ಒಂದು ಬೆರಳು ಹೆಚ್ಚುತ್ತಿತ್ತು.

ಹನ್ನೊಂದು ವರ್ಷ ಹೀಗೆ ನಡೆಯಿತು. ಕಳೆದ ಚಳಿಗಾಲದಲ್ಲಿ, ಬೆಳಗಿನ ನಮಾಜಿಗೆ ಎದ್ದು ನೀರಿನ ಹತ್ತಿರ ಹೋದವನು ಅಲ್ಲೇ ಕೂತ. ಎದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮುಗಿಯಿತು. ಗಾಡಿ ಯಾರದು, ಯಾರು ಓಡಿಸಿದರು, ಜುವೈನಾಳಿಗೆ ನೆನಪಿಲ್ಲ. ಗೇರು ಸರಿಯಾಗಿ ಬೀಳುತ್ತಿತ್ತು ಎಂಬುದಷ್ಟೇ ನೆನಪು.

ನಾಲ್ಕು ತಿಂಗಳು ಹತ್ತು ದಿನ ಅವಳು ಒಳಗೇ ಇದ್ದಳು. ಅದು ವಿಧವೆಯ ಕಾಲ. ಗೇಟು ಮುಚ್ಚಿತ್ತು. ಬೋರ್ಡು ಇಳಿಸಿ ಚಪ್ಪರ ಬಾಡಿಗೆಗೆ ಕೊಡು ಎಂದು ಮಗಳು ಎರಡು ಸಲ ಕೇಳಿದಳು. ರಾಶಿದ್ ಕೂಡ ಫೋನು ಮಾಡಿದ. ಅವಳು ನೋಡೋಣ ಎಂದಳು.

ಕಾಲ ಮುಗಿದ ಮಾರನೇ ದಿನ ಬೆಳಗ್ಗೆ ಗೇಟಿನ ಹೊರಗೆ ಒಂದು ಎಂಜಿನ್ ಓಡುತ್ತಿತ್ತು. ಆರುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆರಲಿಲ್ಲ. ಮುಸುಕು ಸರಿಮಾಡಿಕೊಂಡು ಗೇಟು ತೆರೆದಳು.

ಸಮ್ಹಾ. ಮುಹನ್ನಾನಿಗೆ ಈಗ ಹಲ್ಲು ಒಂದೂ ಇಲ್ಲ. ಪಕ್ಕದಲ್ಲಿ ಗಾಲಿಯಾ. ಇಬ್ಬರೂ ಇಳಿದಿರಲಿಲ್ಲ. ಕೆಟಲು ಕೊಕ್ಕೆಯಲ್ಲಿ ತಲೆಕೆಳಗಾಗಿಯೇ ಇತ್ತು. ಯಾರೂ ಮುಟ್ಟಿರಲಿಲ್ಲ.

"ಕೆಟಲು ಹಂಗಿದೆಯಲ್ಲ," ಅಂದ ಮುಹನ್ನಾ. "ನಾನು ಹೆಂಗೆ ಆರಿಸಲಿ?"

ಜುವೈನಾ ಒಳಗೆ ಹೋಗಿ ಮೊಳೆಯಲ್ಲಿದ್ದ ಕಂದು ಅಂಗಿಯ ಜೇಬಿನಿಂದ ಒರೆಸುವ ಬಟ್ಟೆ ತಂದಳು. ಬಾನೆಟ್ಟು ಎತ್ತಿದಳು. ಕಡ್ಡಿ ಎಳೆದಳು, ಒರೆಸಿದಳು, ತೂರಿಸಿ ಮತ್ತೆ ಎಳೆದಳು. ಎಣ್ಣೆ ಮೇಲಿನ ಗೀರಿನ ಮೇಲೆ ಸರಿಯಾಗಿ ನಿಂತಿತ್ತು. ನೊರೆ ಇರಲಿಲ್ಲ. ಹುಮೈದ್ ಸಾಯುವ ಹದಿನೈದು ದಿನ ಮುಂಚೆ ಹಾಕಿದ ಎಣ್ಣೆ ಅದು. ಇನ್ನೂ ಕೆಂಪಗಿತ್ತು.

"ಸರಿಯಿದೆ, ದೊಡ್ಡಪ್ಪ," ಅಂದಳು.

ಕೈ ಚಾಚಿ ಕೆಟಲನ್ನು ನೆಟ್ಟಗೆ ಮಾಡಿದಳು. ಮುಹನ್ನಾ ಎಂಜಿನ್ ಆರಿಸಿದ. ಚಾಪೆ ಹಾಸಿದಳು, ಖರ್ಜೂರ ಇಟ್ಟಳು, ಒಲೆ ಹಚ್ಚಿದಳು. ಏನು ಸುದ್ದಿ ಎಂದು ಕೇಳಿದಳು. ಸುದ್ದಿ ಇಲ್ಲ, ಎಲ್ಲ ಒಳ್ಳೆಯದೇ ಎಂದು ಅವರು ಹೇಳಿದರು. ನಿನ್ನ ಸುದ್ದಿ ಏನು ಎಂದು ಗಾಲಿಯಾ ಕೇಳಿದಳು. ಸುದ್ದಿ ಇಲ್ಲ, ಎಲ್ಲ ಒಳ್ಳೆಯದೇ ಎಂದು ಇವಳೂ ಹೇಳಿದಳು. ಮೂರು ಬಟ್ಟಲು ಆಗುವ ತನಕ ಹಾಗೆಯೇ ಹೇಳಬೇಕು. ಆಮೇಲೆ ಇಬ್ಬರು ಹೆಂಗಸರೂ ಸ್ವಲ್ಪ ಅತ್ತರು. ಮುಹನ್ನಾ ಗೇಟಿನ ಕಡೆ ತಿರುಗಿ ಕೂತು, ಏಲಕ್ಕಿ ಜಾಸ್ತಿಯಾಗಿದೆ ಎಂದ.

ಅವರು ಎದ್ದು ಹೋಗುವ ಮೊದಲೇ ಇನ್ನೊಂದು ಗಾಡಿ ಬಂದು ನಿಂತಿತು. ಕೆಟಲು ನೆಟ್ಟಗಿರುವುದನ್ನು ಕಂಡು ಅದರವನು ಎಂಜಿನ್ ಆರಿಸಲು ಹೋದ. ಜುವೈನಾ ಚಾಪೆಯಿಂದಲೇ ಕೈ ಎತ್ತಿ ತಡೆದಳು, ಬಟ್ಟೆ ತೆಗೆದುಕೊಂಡು ಎದ್ದಳು.